ಓಡಿಸಿದವರ ಹೆಸರು

ಕನ್ನಡಕದ ಅಂಗಡಿಯಿಂದ,
ಹನ್ನೆರಡನೇ ತಾರೀಖು, ಗುರುವಾರ, ಮಧ್ಯಾಹ್ನ ಎರಡೂವರೆ

ಪ್ರೀತಿಯ ಇವರಿಗೆ,

ಹೇಗಿದ್ದೀರಿ? ಸೊಂಟ ಹೇಗಿದೆ? ಹೋದ ಸಲ ಬಂದಾಗ ಎಡಗಾಲು ಜೋಮು ಹಿಡಿಯುತ್ತದೆ ಎಂದು ನಾಲ್ಕು ದಿನವೂ ಹೇಳಿದಿರಿ, ಡಾಕ್ಟರ ಹತ್ತಿರ ಹೋಗೋಣ ಬನ್ನಿ ಅಂದರೆ ನಾಲ್ಕು ದಿನವೂ ನಾಳೆ ಅಂದಿರಿ, ಐದನೇ ದಿನ ಗಾಡಿ ಹತ್ತಿ ಹೊರಟೇಬಿಟ್ಟಿರಿ. ನಾನು ಹೊಲಿದುಕೊಟ್ಟ ದಿಂಬು ನಿಮ್ಮ ಬೆನ್ನಿಗೆ ಇದೆಯೋ, ಇಲ್ಲ ಪಾಪು ಅದನ್ನು ತಲೆಗಿಟ್ಟುಕೊಂಡು ಗೊರಕೆ ಹೊಡೆಯುತ್ತಿದ್ದಾನೋ? ಮೂವತ್ತೊಂದು ವರ್ಷದ, ಮೀಸೆ ಬಿಟ್ಟ ತಮ್ಮನನ್ನು ಇನ್ನೂ ಪಾಪು ಎಂದು ಕರೆಯುವ ಅಕ್ಕ ಲೋಕದಲ್ಲಿ ನಾನೊಬ್ಬಳೇ ಇರಬೇಕು. ನಾನು ಕರೆದೆನೆಂದು ನೀವೂ ಶುರು ಮಾಡಿದಿರಿ, ಈಗ ದಾರಿಯುದ್ದಕ್ಕೂ ಎಲ್ಲ ಡ್ರೈವರುಗಳೂ ಹಾಗೇ ಕರೆಯುತ್ತಾರಂತೆ, ಪಾಪ. ನಾವಿಬ್ಬರೂ ಚೆನ್ನಾಗಿದ್ದೇವೆ. ಮಗಳ ಶಾಲೆಯ ಬೂಟು ಮತ್ತೆ ಚಿಕ್ಕದಾಗಿದೆ. ಅಪ್ಪನ ಸಹಿ ಬೇಕೆಂದು ಶಾಲೆಯಿಂದ ಬಂದ ಕಾಗದಗಳನ್ನೆಲ್ಲ ಒಂದರ ಮೇಲೊಂದು ಜೋಡಿಸಿಟ್ಟಿದ್ದಾಳೆ. ನಾನು ಹಾಕುತ್ತೇನೆ ಕೊಡು ಅಂದರೆ, "ಬೇಡಮ್ಮ, ಅಪ್ಪ ಬರ್ಲಿ" ಅನ್ನುತ್ತಾಳೆ. ಐದು ಕಾಗದಗಳಾಗಿವೆ. ಒಂದು ವಸ್ತುಸಂಗ್ರಹಾಲಯಕ್ಕೆ ಕರೆದುಕೊಂಡು ಹೋಗುವುದಕ್ಕೆ ಒಪ್ಪಿಗೆ ಕೇಳಿದ ಕಾಗದ. ಅವರು ಹೋದ ವಾರವೇ ಹೋಗಿ ಬಂದರು, ಇವಳು ಹೋಗಲಿಲ್ಲ. ಹಟದಲ್ಲಿ ಥೇಟ್ ನಿಮ್ಮ ಹಾಗೆ.

ಫೋನಿನಲ್ಲಿ ಹೇಳುವುದು ಬಿಟ್ಟು ಪತ್ರ ಯಾಕೆ ಎಂದು ಹುಬ್ಬು ಗಂಟಿಕ್ಕಬೇಡಿ. ಫೋನಿನಲ್ಲಿ ನಾವು ಮಾತಾಡುವುದಾದರೂ ಏನು ಹೇಳಿ. ಊಟ ಆಯ್ತಾ, ಆಯ್ತು. ಎಲ್ಲಿದ್ದೀರಿ, ದಾರಿಯಲ್ಲಿ. ಕೇಳಿಸ್ತಾ ಇಲ್ಲ, ಆಮೇಲೆ ಮಾಡ್ತೀನಿ. ಹದಿನಾಲ್ಕು ವರ್ಷದಿಂದ ಇಷ್ಟೇ. ಅದೂ ಅಲ್ಲದೆ ನೀವು ಯಾವಾಗಲೂ ಸ್ಪೀಕರ್ ಹಾಕಿರುತ್ತೀರಿ, ಪಾಪು ಪಕ್ಕದ ಸೀಟಿನಲ್ಲೇ ಕೂತಿರುತ್ತಾನೆ, ನಾನು ಒಂದು ಮಾತಾಡಿದರೆ ಅವನು ಎರಡು ಸೇರಿಸುತ್ತಾನೆ. ಈಗ ಬರೆಯುತ್ತಿರುವುದು ಅವನ ಎದುರಿಗೆ ಆಡುವ ಮಾತಲ್ಲ. ಹದಿನೆಂಟಕ್ಕೆ ನೀವು ಆ ದೊಡ್ಡ ಗೋದಾಮು ಸೇರುತ್ತೀರಿ, ಸರಕು ಇಳಿಸುವ ಸರದಿ ಬರುವ ತನಕ ಎರಡು ದಿನ ಅಲ್ಲೇ ಬಿದ್ದಿರಬೇಕು. ಅಲ್ಲಿನ ಕಾವಲುಗಾರ ಡ್ರೈವರುಗಳ ಹೆಸರಿಗೆ ಬಂದ ಪತ್ರಗಳನ್ನು ರಟ್ಟಿನ ಪೆಟ್ಟಿಗೆಯಲ್ಲಿ ಜೋಪಾನವಾಗಿ ಇಡುತ್ತಾನೆ ಎಂದು ನೀವೇ ಹೇಳಿದ್ದಿರಿ. ಅದಕ್ಕೇ ಅಲ್ಲಿಗೆ ಹಾಕುತ್ತಿದ್ದೇನೆ. ಅಂಗಡಿಯಲ್ಲಿ ಈ ಹೊತ್ತಿನಲ್ಲಿ ಗಿರಾಕಿಗಳು ಇರುವುದಿಲ್ಲ. ಕಣ್ಣಿನ ಡಾಕ್ಟರು ಒಳಗೆ ಕುರ್ಚಿಯಲ್ಲೇ ಒಂದು ನಿದ್ದೆ ತೆಗೆಯುತ್ತಾರೆ, ನಾನು ಅಕ್ಷರದ ಪಟ್ಟಿಯ ಕೆಳಗೆ ಸ್ಟೂಲು ಹಾಕಿಕೊಂಡು ಕೂತಿದ್ದೇನೆ.

ಮೊದಲು ಒಳ್ಳೆಯ ಸುದ್ದಿ. ಬ್ರೆಡ್ ಕಾರ್ಖಾನೆಯ ಗಾಡಿಗಳನ್ನು ನೋಡಿಕೊಳ್ಳುವ ಮೇಡಂ ಹೋದ ತಿಂಗಳು ಕನ್ನಡಕ ಮಾಡಿಸಲು ಇಲ್ಲಿಗೆ ಬಂದಿದ್ದರು. ಓದುವ ಕನ್ನಡಕ ಹಾಕಿಸಿ ನೋಡುವಾಗ ಮಾತಿಗೆ ಮಾತು ಬಂತು. ಅವರ ಹಳೆಯ ಡ್ರೈವರು ನಿವೃತ್ತನಾಗುತ್ತಿದ್ದಾನಂತೆ. ಬೆಳಿಗ್ಗೆ ಐದಕ್ಕೆ ಬ್ರೆಡ್ ತುಂಬಿಕೊಂಡು ಹೊರಡುವುದು, ಅಂಗಡಿಗಳಿಗೂ ಶಾಲೆಗಳಿಗೂ ಹಾಕುವುದು, ಮಧ್ಯಾಹ್ನ ಮೂರಕ್ಕೆ ಗಾಡಿ ತೊಳೆದು ಬೀಗದ ಕೈ ಕೊಡುವುದು. ಮೂರಕ್ಕೆ, ಕೇಳಿಸಿತೇ? ಅಲ್ಲಿಂದ ನಮ್ಮ ಮನೆಗೆ ನಡೆದರೆ ಹದಿನೈದು ನಿಮಿಷ. ನಾನು ನಡೆದು ನೋಡಿಕೊಂಡು ಬಂದೆ, ಎರಡು ಸಲ. ಮೇಡಂಗೆ ನಿಮ್ಮ ವಿಷಯ ಹೇಳುವಾಗ ನನ್ನ ಬಾಯಿಗೆ ಬ್ರೇಕೇ ಇರಲಿಲ್ಲ. ಹೆರಿಗೆ ನೋವು ಬಂದು ನಾನು ಹಿಂದಿನ ಸೀಟಿನಲ್ಲಿ ಕೂಗಿಕೊಳ್ಳುತ್ತಿದ್ದಾಗಲೂ ಹಳದಿ ದೀಪಕ್ಕೇ ಗಾಡಿ ನಿಲ್ಲಿಸಿದ ಮನುಷ್ಯ ಅಂದೆ. ಅವರಿಗೆ ನಗು ತಡೆಯಲಾಗಲಿಲ್ಲ. "ಅಂಥೋರೇ ಬೇಕಮ್ಮ ನಮಗೆ, ಅರ್ಜಿ ತಂದ್ಕೊಡಿ" ಅಂದರು.

ಎರಡು ವರ್ಷದಲ್ಲಿ ನಾನು ನಿಮಗೆಂದು ಹುಡುಕಿದ ನಾಲ್ಕನೇ ಕೆಲಸ ಇದು. ಮೊದಲು ನೀರಿನ ಕಂಪನಿ, ಆಮೇಲೆ ಔಷಧಿ ಗೋದಾಮು, ಆಮೇಲೆ ಶಾಲಾ ಬಸ್ಸು. ಪ್ರತಿ ಸಲವೂ ನೀವು "ನೋಡೋಣ" ಅಂದಿರಿ. ಆ ಒಂದು ಮಾತು ಕೇಳಿ ಕೇಳಿ ನನಗೆ ಸಾಕಾಗಿತ್ತು. ಶಾಲಾ ಬಸ್ಸಿನ ಸಲ ಫೋನ್ ಇಟ್ಟ ಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ, ಮಗಳಿಗೆ ಕೇಳಿಸಬಾರದು ಎಂದು. ಇವರಿಗೆ ಮನೆಗಿಂತ ರಸ್ತೆಯೇ ಹಿತವಾಗಿರಬೇಕು, ನಾಲ್ಕು ದಿನ ಬಂದು ಹೋಗುವುದೇ ಸಾಕೆನಿಸಿರಬೇಕು ಎಂದುಕೊಂಡೆ. ಹೇಳಲು ನಾಚಿಕೆಯಾಗುತ್ತದೆ, ಇನ್ನೂ ಏನೇನೋ ಅಂದುಕೊಂಡೆ. ಅದಕ್ಕೇ ಈ ಸಲ ನಿಮ್ಮನ್ನು ಕೇಳದೆ ಅರ್ಜಿಯಲ್ಲಿ ನಾನೇ ನಿಮ್ಮ ಹೆಸರು ತುಂಬಿದೆ. ಕೆಲಸ ಕೈಯಲ್ಲಿಟ್ಟುಕೊಂಡೇ ಹೇಳೋಣ, ಆಗ ಹೇಗೆ ನೋಡೋಣ ಅನ್ನುತ್ತಾರೋ ನೋಡೋಣ ಎಂದು.

ಅರ್ಜಿಯ ಜೊತೆ ಲೈಸೆನ್ಸಿನ ಮೂರು ವರ್ಷದ ದಾಖಲೆ ಕೊಡಬೇಕಿತ್ತು. ಸಾರಿಗೆ ಕಚೇರಿಯಲ್ಲಿ ಅರ್ಧ ದಿನ ಸಾಲಿನಲ್ಲಿ ನಿಂತು ತಂದೆ. ತೆರೆದೂ ನೋಡಲಿಲ್ಲ, ಅಷ್ಟು ನಂಬಿಕೆ. ನೇರವಾಗಿ ಮೇಡಂ ಮೇಜಿನ ಮೇಲೆ ಇಟ್ಟೆ. ಅವರು ನಾನೇ ಆರಿಸಿಕೊಟ್ಟ ಹೊಸ ಕನ್ನಡಕ ಏರಿಸಿಕೊಂಡು ಓದಿದರು, ಮತ್ತೆ ಓದಿದರು, ಆಮೇಲೆ ಕನ್ನಡಕ ತೆಗೆದು ನನ್ನ ಮುಖ ನೋಡಿದರು. ಮೂರು ಫೈನು, ಮೂರೂ ಅತಿವೇಗಕ್ಕೆ. ಬೇರೆ ಯಾರದೋ ಕಾಗದ ಕೊಟ್ಟಿರಬೇಕು ಅಂದೆ. ಅವರು ಹೆಸರಿನ ಮೇಲೆ ಬೆರಳಿಟ್ಟು ತೋರಿಸಿದರು. ಕೆಟ್ಟದಾಗಿ ಒಂದು ಮಾತೂ ಆಡಲಿಲ್ಲ. "ನಮ್ ಗಾಡಿ ಶಾಲೆ ಗೇಟಿನ ಮುಂದೆ ಓಡಾಡೋದು. ವಿಮೆ ಕಂಪನಿಯವ್ರು ಇದನ್ನ ನೋಡಿದ್ರೆ ನಾನೇನ್ ಹೇಳಿದ್ರೂ ಕೇಳಲ್ಲ. ಒಂದಿದ್ರೆ ಮಾತಾಡ್ಬೋದಿತ್ತು, ಮೂರು ಅಂದ್ರೆ ಯಾವ ಒಳ್ಳೇ ಕಂಪನಿನೂ ತಗೊಳಲ್ಲಮ್ಮ" ಅಂದರು. ದಂಡ ಕಟ್ಟಿದರೆ ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದ ದಡ್ಡಿ ನಾನು. ಕಟ್ಟಿದ ಮೇಲೂ ಅದು ಮೂರು ವರ್ಷ ಹೆಸರಿಗೆ ಅಂಟಿಕೊಂಡಿರುತ್ತದೆ, ಹೋದ ಕಡೆಯೆಲ್ಲ ನಿಮಗಿಂತ ಮೊದಲು ಹೋಗಿ ಕೂತಿರುತ್ತದೆ ಎಂದು ನನಗೆ ಯಾರು ಹೇಳಿದ್ದರು?

ಆ ದಿನ ಮನೆಗೆ ಬಂದವಳು ನಿಮ್ಮ ಮೇಲೆ ಎಷ್ಟು ಸಿಟ್ಟಾದೆ ಎಂದರೆ, ಹ್ಯಾಂಗರಿಗೆ ಹಾಕಿದ್ದ ನಿಮ್ಮ ನೀಲಿ ಅಂಗಿಗೂ ಬೈದೆ. ನನ್ನ ಮುಂದೆ ಒಂದು, ಹೆದ್ದಾರಿಯಲ್ಲಿ ಇನ್ನೊಂದು ಅಂದೆ. ಗಂಡ ಎದುರಿಗಿಲ್ಲದಿದ್ದರೆ ಜಗಳದಲ್ಲಿ ಸುಖವೇ ಇಲ್ಲ, ಅಂಗಿ ತಿರುಗಿ ಒಂದು ಮಾತೂ ಆಡುವುದಿಲ್ಲ. ಆಮೇಲೆ ಮಗಳ ಪಕ್ಕ ಕೂತು ಆ ಕಾಗದವನ್ನು ನಿಧಾನವಾಗಿ ಓದಿದೆ. ಎರಡನೇ ಫೈನು ಮಾರ್ಚ್ ಒಂಬತ್ತರದು, ಬೆಳಿಗ್ಗೆ ಹನ್ನೊಂದು ನಲವತ್ತು, ಹೊಳೆ ಸೇತುವೆಯ ಕ್ಯಾಮೆರಾ. ಆ ತಾರೀಖು ಎಲ್ಲೋ ನೋಡಿದ ಹಾಗಿತ್ತು. ಮಗಳೇ ಹೇಳಿದಳು, "ಅಮ್ಮ, ಅವತ್ತು ನನ್ನ ಕೈ ಪ್ಲಾಸ್ಟರ್ ತೆಗ್ಸಿದ್ದು". ಆಸ್ಪತ್ರೆಯ ಚೀಟಿ ಹುಡುಕಿ ತೆಗೆದೆ. ಅದೇ ದಿನ, ಹನ್ನೊಂದೂವರೆ ಎಂದು ಬರೆದಿದೆ, ಕೆಳಗೆ ನಿಮ್ಮ ಸಹಿ. ಮೂರು ದಿನ ರಜೆ ಹಾಕಿ ಬಂದಿದ್ದಿರಿ, ಗಾಡಿಯನ್ನು ಪಾಪು ಒಬ್ಬನೇ ತೆಗೆದುಕೊಂಡು ಹೋಗಿದ್ದ. ಪ್ಲಾಸ್ಟರ್ ಕತ್ತರಿಸುವ ಮಿಷನ್ನು ಕಂಡು ಮಗಳಿಗಿಂತ ಮೊದಲು ನೀವೇ ಕಣ್ಣು ಮುಚ್ಚಿಕೊಂಡಿರಂತೆ. ಅದೇ ಹೊತ್ತಿನಲ್ಲಿ ನಾನೂರು ಕಿಲೋಮೀಟರು ದೂರದ ಸೇತುವೆಯ ಮೇಲೆ ನೀವು ಲಾರಿ ಹಾರಿಸುತ್ತಿದ್ದಿರಂತೆ!

ಮಾರನೆಯ ದಿನ ನಿಮ್ಮ ಮಾಲೀಕರ ಕಚೇರಿಗೆ ಫೋನ್ ಮಾಡಿದೆ. ಅಲ್ಲಿನ ಗುಮಾಸ್ತರಿಗೆ ಇದೇನೂ ಮುಚ್ಚಿಡುವ ವಿಷಯ ಅನ್ನಿಸಲೇ ಇಲ್ಲ. ಕ್ಯಾಮೆರಾ ನೋಟಿಸು ಲಾರಿಯ ನಂಬರಿಗೆ ಬರುತ್ತದಂತೆ, ಅದರಲ್ಲಿ 'ಓಡಿಸಿದವರ ಹೆಸರು' ಎಂದು ಒಂದು ಖಾಲಿ ಜಾಗ ಇರುತ್ತದಂತೆ, ಜೋಡಿ ಡ್ರೈವರುಗಳು ಯಾವ ಹೆಸರು ಹೇಳಿದರೆ ಅದನ್ನು ಇವರು ಬರೆದು ಕಳಿಸುತ್ತಾರಂತೆ. "ಎಲ್ಲಾ ಜೋಡಿನೂ ಹಂಗೇ ಅಮ್ಮ, ಒಬ್ರ ಲೈಸೆನ್ಸಲ್ಲಿ ಫೈನ್ ತುಂಬಿ ಬಂದ್ರೆ ಇನ್ನೊಬ್ರು ತಮ್ ಮೇಲೆ ತಗೋತಾರೆ. ನಿಮ್ಮೆಜಮಾನ್ರು ಒಳ್ಳೇ ಮನುಷ್ಯ, ಯಾವತ್ತೂ ಬೇಡ ಅಂದಿಲ್ಲ" ಅಂದರು. ಆಮೇಲೆ ನಗುತ್ತಾ ಇನ್ನೊಂದು ಮಾತು ಸೇರಿಸಿದರು, ಫೈನ್ ಇರುವ ಡ್ರೈವರು ನಮ್ಮನ್ನು ಬಿಟ್ಟು ಬೇರೆ ಎಲ್ಲಿಗೂ ಹೋಗಲಾರ, ನಮಗೂ ಅದೇ ಅನುಕೂಲ ಎಂದು. ನನಗೆ ಮೈಯೆಲ್ಲ ಉರಿದುಹೋಯಿತು. ನಾನು ಮನೆಯಲ್ಲಿ ಕೂತು ಇವರು ಯಾಕೆ ಬರುವುದಿಲ್ಲ ಎಂದು ಕೊರಗುತ್ತಿದ್ದರೆ, ನೀವು ಅಲ್ಲಿ ಒಂದೊಂದೇ ಸಹಿ ಹಾಕಿ ಬರುವ ದಾರಿಯನ್ನೇ ಮುಚ್ಚಿಕೊಳ್ಳುತ್ತಿದ್ದಿರಿ. "ನೋಡೋಣ" ಅನ್ನದೆ ಇನ್ನೇನು ಅನ್ನುತ್ತಿದ್ದಿರಿ ನೀವು.

ಎಷ್ಟು ಬೈಯಬೇಕೆಂದು ಕೂತರೂ ಕೊನೆಗೆ ಬೈಗುಳ ನನ್ನ ಕಾಲ ಬುಡಕ್ಕೇ ಬರುತ್ತದೆ. ಪಾಪುವನ್ನು ನಿಮ್ಮ ಜೋಡಿಗೆ ಹಾಕಿದ್ದು ನಾನು. ಅಮ್ಮ ಹೋದಾಗ ನನಗೆ ಹನ್ನೊಂದು, ಅವನಿಗೆ ನಾಲ್ಕು. ನನ್ನ ಮದುವೆಯ ದಿನ ಅವನು ನಿಮ್ಮ ಗಾಡಿಯ ಹಿಂದೆ ಓಡಿ ಬಂದ ಎಂದು ನೀವೇ ಗಾಡಿ ನಿಲ್ಲಿಸಿ ಹತ್ತಿಸಿಕೊಂಡಿರಿ, ಹೊಸ ಹೆಂಡತಿಗಿಂತ ಮೊದಲು ಅವನೇ ಮುಂದಿನ ಸೀಟಿನಲ್ಲಿ ಕೂತ. ಎರಡೂವರೆ ವರ್ಷದ ಹಿಂದೆ ಅವನಿಗೆ ಲಾರಿಯ ಲೈಸೆನ್ಸ್ ಸಿಕ್ಕಾಗ, ನಿಮ್ಮ ಹಳೆಯ ಜೋಡಿಯನ್ನು ಬಿಡಿಸಿ ಇವನನ್ನು ಹಾಕಿಸಿಕೊಳ್ಳಿ ಎಂದು ದುಂಬಾಲು ಬಿದ್ದವಳು ನಾನೇ. ಅವನಿಗೆ ಏನೂ ಆಗದ ಹಾಗೆ ನೋಡಿಕೊಳ್ಳಿ ಎಂದು ನಿಮ್ಮ ಕೈ ಹಿಡಿದುಕೊಂಡು ಕೇಳಿದೆ. ನೀವು ಹೂಂ ಅಂದಿರಿ. ಮೊದಲ ಫೈನು ಅದಾಗಿ ಮೂರು ತಿಂಗಳಿಗೆ. ಅವನ ಹೆಸರಿನಲ್ಲಿ ಆಗಲೇ ಎರಡಿದ್ದವಂತೆ, ಗುಮಾಸ್ತರು ಹೇಳಿದರು. ಮೂರನೆಯದು ಬಿದ್ದಿದ್ದರೆ ಲೈಸೆನ್ಸ್ ಆರು ತಿಂಗಳು ಅಮಾನತ್ತು. ಅದಕ್ಕೇ ನೀವು ನಿಮ್ಮ ಹೆಸರು ಬರೆಸಿದಿರಿ, ನನಗೆ ಕೊಟ್ಟ ಮಾತಿಗೆ. ನನ್ನನ್ನು ಒಂದು ಮಾತು ಕೇಳಬೇಕಿತ್ತು ಎಂದು ಬರೆಯಲು ಹೊರಟು ಪೆನ್ನು ಎತ್ತಿದೆ. ಅವತ್ತು ಕೇಳಿದ್ದರೆ ನಾನು ಏನು ಹೇಳುತ್ತಿದ್ದೆ? ನಿಮ್ಮ ಹೆಸರನ್ನೇ ಬರೆಸಿ ಅನ್ನುತ್ತಿದ್ದೆ. ಮೂರು ಸಲವೂ ಅನ್ನುತ್ತಿದ್ದೆ. ಸುಳ್ಳು ಯಾಕೆ ಹೇಳಲಿ.

ಆದರೆ ಈಗ ಹಾಗೆ ಅನ್ನುವ ಶಕ್ತಿ ನನ್ನಲ್ಲಿ ಉಳಿದಿಲ್ಲ. ನನಗೆ ನೀವು ಬೇಕು. ಇಷ್ಟು ವರ್ಷ ಇದನ್ನು ಹೀಗೆ ಬಿಡಿಸಿ ಹೇಳಿರಲಿಲ್ಲ, ಫೋನಿನಲ್ಲಂತೂ ಬಾಯಿಗೇ ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಲವತ್ತು ದಿನಕ್ಕೊಮ್ಮೆ ಬಂದು ನಾಲ್ಕು ದಿನ ಇದ್ದು ಹೋಗುತ್ತೀರಿ. ಮೊದಲ ದಿನ ನಿದ್ದೆಯಲ್ಲಿ ಹೋಗುತ್ತದೆ, ಕೊನೆಯ ದಿನ ಬಟ್ಟೆ ಒಗೆದು ಮಡಚಿ ತುಂಬುವುದರಲ್ಲಿ. ನಡುವಿನ ಎರಡು ದಿನ ಮನೆಯ ನಲ್ಲಿ, ಬೀಗ, ಡಬ್ಬದ ಮುಚ್ಚಳ ಎಲ್ಲವನ್ನೂ ಲಾರಿಯ ಚಕ್ರದ ನಟ್ಟು ಬಿಗಿದ ಹಾಗೆ ಬಿಗಿದು ಹೋಗುತ್ತೀರಿ. ಸಕ್ಕರೆ ಡಬ್ಬ ಈ ಸಲ ನನ್ನ ಕೈಯಲ್ಲಿ ತೆರೆಯಲಾಗಲಿಲ್ಲ. ಪಕ್ಕದ ಮನೆಯವರಿಗೆ ಕೊಟ್ಟರೆ ಕ್ಷಣದಲ್ಲಿ ತೆಗೆದುಕೊಡುತ್ತಾರೆ, ಕೊಡಲು ಮನಸ್ಸಾಗಲಿಲ್ಲ. ಹನ್ನೊಂದು ದಿನ ಸಕ್ಕರೆಯಿಲ್ಲದ ಕಾಫಿ ಕುಡಿದೆವು. ಮಗಳು ನನಗೆ ಹುಚ್ಚು ಅಂದಳು, ಇರಬೇಕು. ಮಧ್ಯಾಹ್ನ ಮೂರೂಕಾಲಿಗೆ ನೀವು ಈ ಅಂಗಡಿಯ ಮುಂದೆ ಹಾದು ಹೋಗುವುದನ್ನು ನಾನು ಗಾಜಿನೊಳಗಿನಿಂದ ನೋಡಬೇಕು. ಒಳಗೆ ಬರುವುದೂ ಬೇಡ, ಕೈ ಎತ್ತಿ ಮುಂದೆ ಹೋದರೆ ಸಾಕು. ಸಂಜೆ ಸಿಗುತ್ತೀರಿ ಎಂದು ಗೊತ್ತಿದ್ದು ನಿಮ್ಮ ಕಡೆ ಗಮನ ಕೊಡದೆ ಇರಬೇಕು ಒಂದು ದಿನ, ಬೇರೆ ಹೆಂಗಸರು ಗಂಡಂದಿರನ್ನು ನಿತ್ಯ ಕಡೆಗಣಿಸುತ್ತಾರಲ್ಲ, ಹಾಗೆ. ಚಿಕ್ಕಪುಟ್ಟ ಜಗಳವನ್ನು ಅರ್ಧಕ್ಕೆ ನಿಲ್ಲಿಸಿ ನಾಳೆಗೆ ಇಟ್ಟುಕೊಳ್ಳಬೇಕು. ಈಗ ಜಗಳ ಆಡುವುದಕ್ಕೂ ದಿನ ಸಾಲದು ಎಂದು ಎಲ್ಲವನ್ನೂ ನುಂಗಿಕೊಳ್ಳುತ್ತೇನೆ.

ದಾರಿ ಒಂದಿದೆ. ಸಾರಿಗೆ ಕಚೇರಿಯ ಕಿಟಕಿಯಲ್ಲಿ ಕೂರುವ ಹೆಂಗಸನ್ನು ಕೇಳಿಕೊಂಡು ಬಂದೆ. ಗಾಡಿ ಓಡಿಸಿದವನು ನಾನೇ ಎಂದು ನಿಜವಾಗಿ ಓಡಿಸಿದವನು ಒಪ್ಪಿ ಫಾರಂ ತುಂಬಿ ಸಹಿ ಹಾಕಿ ಕೊಟ್ಟರೆ, ನಿಮಗೆ ಒಂದು ಎಚ್ಚರಿಕೆ ಬರೆದು ನಿಮ್ಮ ದಾಖಲೆಯಿಂದ ಮೂರನ್ನೂ ತೆಗೆಯುತ್ತಾರಂತೆ. ಬ್ರೆಡ್ ಮೇಡಂ ಮೂವತ್ತರ ತನಕ ಸೀಟು ಖಾಲಿ ಇಡುತ್ತೇನೆ ಅಂದಿದ್ದಾರೆ, ಅದರ ಮೇಲೆ ಒಂದು ದಿನವೂ ಆಗದಂತೆ. ತೆಗೆದ ಮೂರು ಎಲ್ಲಿಗೆ ಹೋಗುತ್ತವೆ ಎಂದು ನಾನು ನಿಮಗೆ ಹೇಳಬೇಕಾಗಿಲ್ಲ. ಪಾಪುವಿನ ಹೆಸರಿನಲ್ಲಿ ಐದಾಗುತ್ತವೆ. ಒಂದು ವರ್ಷ ಸ್ಟೇರಿಂಗ್ ಮುಟ್ಟುವ ಹಾಗಿಲ್ಲ, ಆಮೇಲೂ ಅವನನ್ನು ಯಾರು ತೆಗೆದುಕೊಳ್ಳುತ್ತಾರೋ ಗೊತ್ತಿಲ್ಲ. ಅವನಿಗೆ ಬೇರೆ ಕೆಲಸ ಬರುವುದಿಲ್ಲ, ಬೇರೆ ಕೆಲಸ ಬೇಕಾಗಿಯೂ ಇಲ್ಲ. ಲಾರಿ ಹತ್ತಿ ಕೂತಾಗ ಅವನ ಮುಖ ಹೇಗಾಗುತ್ತದೆ ಎಂದು ನೀವು ದಿನಾ ನೋಡುತ್ತೀರಿ. ಅವನು ಕೆಟ್ಟವನಲ್ಲ, ಕಾಲು ಸ್ವಲ್ಪ ಭಾರ. ಅವನಿಗೆ ಹೇಳುವುದೋ ಬಿಡುವುದೋ, ಹೇಳಿದರೆ ಹೇಗೆ ಹೇಳುವುದೋ, ಎಲ್ಲ ನಿಮಗೇ ಬಿಟ್ಟದ್ದು. ನೀವು ಏನು ಮಾಡಿದರೂ ನಾನು ತುಟಿ ಪಿಟಕ್ಕೆನ್ನುವುದಿಲ್ಲ.

ಡಾಕ್ಟರು ಎದ್ದ ಸದ್ದಾಯಿತು, ಮೂರು ಗಂಟೆಯ ಗಿರಾಕಿಗಳೂ ಬರುವ ಹೊತ್ತು. ಮಗಳು ನಿಮಗೆ ಮುತ್ತು ಕಳಿಸಿದ್ದಾಳೆ, ಹಾಗೆಂದು ಬರೆಯಬೇಡ, ಬರೆಯದಿದ್ದರೂ ಅಪ್ಪನಿಗೆ ಗೊತ್ತಾಗುತ್ತೆ ಅಂತಲೂ ಹೇಳಿದ್ದಾಳೆ. ಹೊತ್ತಿಗೆ ಸರಿಯಾಗಿ ಊಟ ಮಾಡಿ. ಇಳಿಜಾರಿನಲ್ಲಿ ಜೋಪಾನ. ನೀವಿಬ್ಬರೂ ನೂರು ಕಾಲ ಚೆನ್ನಾಗಿರಿ, ಅದರಲ್ಲಿ ಸ್ವಲ್ಪ ಕಾಲವಾದರೂ ನನ್ನ ಕಣ್ಣೆದುರಿಗೆ ಇರಿ.

ನಿಮ್ಮ,
ಇವಳು

ತಾ.ಕ.: ಅಂಚೆ ಡಬ್ಬದ ತನಕ ಹೋಗಿ ವಾಪಸು ಬಂದು ನಿಂತುಕೊಂಡೇ ಇದನ್ನು ಗೀಚುತ್ತಿದ್ದೇನೆ. ನಿಮಗೇ ಬಿಟ್ಟದ್ದು ಎಂದು ಮೇಲೆ ಬರೆದದ್ದು ಸುಳ್ಳು. ನಿಮಗೆ ಬಿಟ್ಟರೆ ನೀವು ಪತ್ರ ಮಡಚಿ ಜೇಬಿಗೆ ಹಾಕಿಕೊಂಡು ಅವನನ್ನು ಟೀ ಕುಡಿಯಲು ಕರೆಯುತ್ತೀರಿ, ಅಷ್ಟೇ. ಮೊನ್ನೆ ಮಂಗಳವಾರ ಫೋನ್ ಮಾಡಿದಾಗ ನೀವು ಟೈರು ನೋಡಲು ಇಳಿದಿದ್ದಿರಿ, ಪಾಪು ಎತ್ತಿಕೊಂಡ. ಎಲ್ಲ ಹೇಳಿಬಿಟ್ಟೆ. "ಭಾವ ಹೇಳಿದ್ರಾ?" ಅಂದ. ಇಲ್ಲ, ಅವರಿಗೆ ಗೊತ್ತೇ ಇಲ್ಲ ಅಂದೆ. "ನೀನು ಸಹಿ ಹಾಕು ಅಂದ್ರೆ ಹಾಕ್ತೀನಿ ಅಕ್ಕ" ಅಂದ. ಬೇಡ ಬಿಡು ಎಂದು ನಾನು ಹೇಳುತ್ತೇನೆ ಎಂದು ಕಾದ, ನನಗೆ ಗೊತ್ತಾಯಿತು. ಹಾಕು ಅಂದೆ. ಇದೇ ಅಂಚೆಯಲ್ಲಿ ಅವನ ಹೆಸರಿಗೂ ಒಂದು ಲಕೋಟೆ ಹಾಕುತ್ತಿದ್ದೇನೆ, ನೀವು ಇಲ್ಲಿಯ ತನಕ ಓದುವಷ್ಟರಲ್ಲಿ ಅವನು ಅದನ್ನು ಒಡೆದಿರುತ್ತಾನೆ. ಅದರಲ್ಲಿ ಸಹಿ ಹಾಕಬೇಕಾದ ಫಾರಂ ಬಿಟ್ಟರೆ ಬೇರೇನೂ ಇಲ್ಲ. ಪ್ರೀತಿಯ ಪಾಪು ಎಂದು ನಾಲ್ಕು ಹಾಳೆಗಳಲ್ಲಿ ಬರೆದೆ, ಮುಂದೆ ಒಂದಕ್ಷರ ಹೊರಡಲಿಲ್ಲ. ಅಕ್ಕ ಏನಾದರೂ ಬರೆದಿರುತ್ತಾಳೆ ಎಂದು ಅವನು ಲಕೋಟೆಯೊಳಗೆ ಹುಡುಕುತ್ತಿರುತ್ತಾನೆ. ಬೇಗ ಹೋಗಿ ಅವನ ಪಕ್ಕ ಕೂತುಕೊಳ್ಳಿ.